ಅತ್ತಿಗೆಗೆ ನಾನು ಕೊಟ್ಟ ಮಾತ್ರೆ

ನನ್ನ ಅಣ್ಣನ ಹೆಂಡತಿಗೆ ಎದೆಯಲ್ಲಿ ಗಡ್ಡೆ ಇದೆ ಎಂದು ಮೊದಲು ಗುರುತಿಸಿದವಳು ನಾನು. ಗುರುತಿಸಿದ ಮೇಲೂ ಹದಿನೈದು ದಿನ ಬಾಯಿ ಬಿಡಲಿಲ್ಲ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ನಮ್ಮದು ಹೊರಮಾವಿನ ಒಕ್ಕಲು ಮನೆ. ಎಲೆಕೋಸು, ನವಿಲುಕೋಸು, ಬೀಟ್‌ರೂಟು ಬೆಳೆದು ಎತ್ತಿನ ಗಾಡಿಯಲ್ಲಿ ದಂಡಿಗೆ ತರುತ್ತಿದ್ದೆವು. ಕಂಟೋನ್ಮೆಂಟನ್ನು ನಮ್ಮ ಕಡೆ ದಂಡು ಎಂದೇ ಕರೆಯುತ್ತಿದ್ದುದು. ಯುದ್ಧಕ್ಕೆ ಕೆಲವು ವರ್ಷ ಮೊದಲೇ ಅಣ್ಣ ಬ್ಯಾರಕ್ಕುಗಳಿಗೆ ತರಕಾರಿ ಹಾಕುವ ಕೆಲಸ ಹಿಡಿದ. ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ ಮನೆ ಮಾಡಿದ. ಮುಂದೆ ಒಂದು ಪಡಸಾಲೆ, ಎರಡು ಕೋಣೆ, ಅಡಿಗೆಮನೆ, ಹಿತ್ತಲಲ್ಲಿ ಬಾವಿ, ಬಾವಿಯ ಪಕ್ಕ ಬಟ್ಟೆ ಒಗೆಯುವ ದೊಡ್ಡ ಕಲ್ಲು. ಅಣ್ಣ, ಅತ್ತಿಗೆ, ಅವರ ಒಬ್ಬಳೇ ಮಗಳು, ಮತ್ತೆ ನಾನು.

ನಾನು ಹನ್ನೆರಡಕ್ಕೆ ಮದುವೆಯಾಗಿ ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡವಳು. ತವರಿಗೆ ಬಂದವಳನ್ನು ಅಪ್ಪ ಊರವರ ಮಾತಿಗೆ ಸೊಪ್ಪು ಹಾಕದೆ ಓದಿಸಿದ, ಆಮೇಲೆ ನರ್ಸ್ ತರಬೇತಿಗೆ ಸೇರಿಸಿದ. ದಂಡಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅದರ ಹೆಸರು ಬೇಡ, ಆ ಕಟ್ಟಡವೂ ಈಗ ಇಲ್ಲ. ಬೆಳಿಗ್ಗೆ ಹಲಸೂರಿನಿಂದ ನಡೆದುಕೊಂಡು ಹೋಗಿ, ಸಂಜೆ ನಡೆದುಕೊಂಡು ಬರುತ್ತಿದ್ದೆ.

ಅತ್ತಿಗೆಗೆ ನನ್ನ ಕೆಲಸ ಕಂಡರೆ ಆಗುತ್ತಿರಲಿಲ್ಲ. ‘ಯಾರ್ಯಾರ ರಕ್ತ, ಯಾರ್ಯಾರ ಹೇಲು ಬಾಚಿ ಬರ್ತೀಯ. ನನ್ನ ಒಲೆ ಹತ್ರ ಬರಬೇಡ’ ಎಂದು ಬಂದ ಮೊದಲ ವಾರವೇ ಹೇಳಿದ್ದರು. ನನ್ನ ತಟ್ಟೆ, ಲೋಟ ಹಿತ್ತಿಲ ಬಾಗಿಲ ಪಕ್ಕದ ಜಗಲಿಯ ಮೇಲೆ ಇರುತ್ತಿದ್ದವು. ತಲೆಗೆ ಸ್ನಾನ ಮಾಡಿ ಬಂದರೂ ಅಷ್ಟೆ, ಹಬ್ಬದ ದಿನವಾದರೂ ಅಷ್ಟೆ. ಅವರು ಎತ್ತರದಿಂದ ಅನ್ನ ಹಾಕುತ್ತಿದ್ದರು, ನಾನು ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದೆ. ಅಣ್ಣ ನೋಡಿಯೂ ನೋಡದವನ ಹಾಗೆ ಇರುತ್ತಿದ್ದ. ಹೀಗೆ ಎಂಟು ವರ್ಷ ನಡೆದಿತ್ತು.

ಒಂದು ಬೆಳಿಗ್ಗೆ ಅತ್ತಿಗೆ ಬಾವಿಯಿಂದ ನೀರು ಸೇದುತ್ತಿದ್ದಾಗ ಎಡಗೈ ಮೇಲೆತ್ತಲಾರದೆ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿದ್ದು ಕಂಡಿತು. ಸೆರಗು ಸರಿದಿತ್ತು. ಒದ್ದೆ ರವಿಕೆಯ ಕೆಳಗೆ ಎಡ ಮೊಲೆ ಒಂದು ಕಡೆ ಒಳಕ್ಕೆ ಜಗ್ಗಿತ್ತು, ಹಿಟ್ಟಿನ ಮುದ್ದೆಗೆ ಹೆಬ್ಬೆರಳು ಒತ್ತಿದ ಹಾಗೆ. ವಾರ್ಡಿನಲ್ಲಿ ಅಂಥದ್ದನ್ನು ನೋಡಿದ್ದೆ. ಏನೆಂದು ನನಗೆ ಗೊತ್ತಿತ್ತು.

‘ಏನದು ಅತ್ಗೆ, ತೋರ್ಸಿ’ ಎಂದು ಹತ್ತಿರ ಹೋದೆ.

‘ಮುಟ್ಟಬೇಡ ನನ್ನ’ ಎಂದು ಕೊಡ ಎತ್ತಿಕೊಂಡು ಒಳಗೆ ಹೋದರು.

ಸರಿ, ಮುಟ್ಟುವುದಿಲ್ಲ ಅಂದುಕೊಂಡೆ. ದಿನಾ ಬೆಳಿಗ್ಗೆ ಆ ಕೈಯನ್ನು ನೋಡುತ್ತಾ ಮೆಟ್ಟಿಲ ಮೇಲೆ ಕೂತು ತಿಂಡಿ ತಿಂದೆ, ಕೆಲಸಕ್ಕೆ ಹೋದೆ. ಹದಿನೈದು ದಿನ ಕಳೆದ ಮೇಲೆ ಅಣ್ಣನಿಗೆ ಹೇಳಿದೆ. ಆ ಹದಿನೈದು ದಿನದಿಂದ ರೋಗಕ್ಕೆ ಏನೂ ಹೆಚ್ಚುಕಡಿಮೆ ಆಗಿರಲಾರದು ಎಂದು ನಮ್ಮ ಆಸ್ಪತ್ರೆಯ ಡಾಕ್ಟರಮ್ಮ ಆಮೇಲೆ ಅಂದರು. ಆದರೆ ಅದು ಗೊತ್ತಿದ್ದು ನಾನು ಸುಮ್ಮನಿದ್ದದ್ದಲ್ಲ.

ಡಾಕ್ಟರಮ್ಮ ಮದ್ರಾಸಿನಲ್ಲಿ ಓದಿ ಬಂದವರು. ಕತ್ತರಿ ಹಿಡಿದರೆ ಗಂಡಸು ಡಾಕ್ಟರುಗಳೂ ಬಂದು ನಿಂತು ನೋಡುತ್ತಿದ್ದರು. ಒಂದೇ ವಾರದಲ್ಲಿ ಅತ್ತಿಗೆಯ ಎಡ ಮೊಲೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದುಹಾಕಿದರು. ಮೊಲೆಯ ಕ್ಯಾನ್ಸರ್ ಎಂದು ಅಣ್ಣನನ್ನು ಕೂರಿಸಿಕೊಂಡು ಹೇಳಿದರು. ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. ಕೇಳಿದವರಿಗೆ ‘ಗಡ್ಡೆ, ತೆಗೆದ್ರು’ ಅಂದದ್ದಷ್ಟೆ.

ಅತ್ತಿಗೆಯನ್ನು ಮಲಗಿಸಿದ್ದು ನನ್ನ ವಾರ್ಡಿನಲ್ಲಿ. ಮಂಪರು ಇಳಿದ ಮೊದಲ ದಿನ ಅವರು ಮೆಲ್ಲಗೆ ನನ್ನ ಹೆಸರು ಹಿಡಿದು ಕರೆದರು.

‘ಇಲ್ಲಿ ಸಿಸ್ಟರ್ ಅಂತ ಕರೀಬೇಕು’ ಅಂದೆ.

‘ಸಿಸ್ಟರ್, ಒಂದಕ್ಕೆ ಹೋಗ್ಬೇಕು’ ಅಂದರು.

‘ಬೆಡ್‌ಪ್ಯಾನು ತರ್ತೀನಿ’ ಎಂದು ಹೇಳಿ ಹೊರಗೆ ಹೋಗಿ, ಔಷಧದ ಬೀರುವಿನ ಮುಂದೆ ನಿಂತು ಶೀಶೆಗಳನ್ನು ಸಾಲಾಗಿ ಜೋಡಿಸಿದೆ. ಮೊದಲೇ ಸಾಲಾಗಿದ್ದವು, ಮತ್ತೆ ಜೋಡಿಸಿದೆ. ಪ್ಯಾನು ಹಿಡಿದು ವಾಪಸು ಹೋದಾಗ ಹಾಸಿಗೆ ಒದ್ದೆಯಾಗಿತ್ತು. ಅತ್ತಿಗೆ ಗೋಡೆಯ ಕಡೆ ಮುಖ ತಿರುಗಿಸಿದ್ದರು. ‘ಪರವಾಗಿಲ್ಲ ಬಿಡಿ, ಬಾಚೋದು ನನ್ನ ಕೆಲಸ ತಾನೆ’ ಎಂದು ಪಕ್ಕದ ಹಾಸಿಗೆಗಳಿಗೂ ಕೇಳುವ ಹಾಗೆ ಹೇಳಿ ಬಟ್ಟೆ ಬದಲಾಯಿಸಿದೆ.

ಗಾಯ ಮಾಗಿದ ಮೇಲೆ ಡಾಕ್ಟರಮ್ಮ ಎರಡನೆಯ ಆಪರೇಷನ್ ಮಾಡಬೇಕೆಂದರು. ನನ್ನನ್ನು ಕೋಣೆಗೆ ಕರೆದು ವಿವರಿಸಿದರು. ‘ಸಿಸ್ಟರ್, ಹೆಂಗಸಿನ ಅಂಡಾಶಯ ಇದೆಯಲ್ಲ, ಅದು ಈ ರೋಗಕ್ಕೆ ತೀನಿ ಹಾಕ್ತಾ ಇರ್ತದೆ. ಎರಡನ್ನೂ ತೆಗೆದ್ರೆ ರೋಗಕ್ಕೆ ಊಟ ಇಲ್ಲ. ಆದರೆ ಮುಟ್ಟು ಒಂದೇ ಸಲ ನಿಂತುಹೋಗ್ತದೆ. ಐವತ್ತು ವಯಸ್ಸಿನವರಿಗೆ ನಿಧಾನವಾಗಿ ಬರೋ ತೊಂದರೆ ಎಲ್ಲ ಒಂದೇ ಏಟಿಗೆ ಬರ್ತದೆ. ನಿಮ್ಮ ಅತ್ತಿಗೆಗೆ ಮೊದಲೇ ಹೇಳಿ ಮನಸ್ಸು ಗಟ್ಟಿ ಮಾಡಿಸಿ.’

ಅತ್ತಿಗೆಗೆ ಆಗ ಮೂವತ್ತೈದು. ನಾನು ಹೇಳಲಿಲ್ಲ. ‘ಇನ್ನೊಂದು ಸಣ್ಣ ಆಪರೇಷನ್’ ಅಂದೆ. ಅವರು ನನ್ನ ಮುಖ ನೋಡಿ, ನಂಬಿ, ಹೆಬ್ಬೆಟ್ಟು ಒತ್ತಿದರು.

ಮನೆಗೆ ಬಂದ ಹತ್ತೇ ದಿನಕ್ಕೆ ಶುರುವಾಯಿತು. ಸಾರಿಗೆ ಒಗ್ಗರಣೆ ಹಾಕುತ್ತಿದ್ದವರು ಸೌಟು ಬಿಟ್ಟು ಗೋಡೆ ಹಿಡಿದುಕೊಂಡರು. ಎದೆಯ ಗಾಯದ ಕೆಳಗಿನಿಂದ ಕೆಂಪು ಏರಿ ಕುತ್ತಿಗೆ, ಕೆನ್ನೆ, ಕಿವಿ ಎಲ್ಲ ಕೆಂಡವಾಯಿತು. ರವಿಕೆ ಹಿಂಡಿದರೆ ನೀರು ಸುರಿಯುವಷ್ಟು ಬೆವರು. ಎರಡು ನಿಮಿಷ ಕಳೆದರೆ ಚಳಿ, ಹಲ್ಲು ಕಟಕಟ ಅನ್ನುವಷ್ಟು. ದಿನಕ್ಕೆ ಹತ್ತು ಹನ್ನೆರಡು ಸಲ ಹೀಗಾಗುತ್ತಿತ್ತು. ನಿದ್ದೆ ಹೋಯಿತು. ಕೀಲುಗಳು ಹಿಡಿದುಕೊಂಡವು. ಮಗಳು ಲೋಟ ಬೀಳಿಸಿದ್ದಕ್ಕೆ ಅವಳ ಜಡೆ ಹಿಡಿದು ಎಳೆದರು, ಆಮೇಲೆ ಅವಳನ್ನೇ ತಬ್ಬಿಕೊಂಡು ಅತ್ತರು. ಅಣ್ಣ ಹತ್ತಿರ ಬಂದರೆ ‘ಮೈಯೆಲ್ಲ ಉರೀತಿದೆ, ದೂರ ಹೋಗಿ’ ಎಂದು ಕೂಗುತ್ತಿದ್ದರು. ಅಣ್ಣ ಪಡಸಾಲೆಯಲ್ಲಿ ಮಲಗತೊಡಗಿದ.

ಗಡ್ಡೆ ಒಳಗೊಳಗೇ ಹರಡಿದೆ ಎಂದು ಅವರ ಎಣಿಕೆ. ಬೀದಿಯ ಹೆಂಗಸರು ಗಾಳಿ ಸೋಕಿದೆ ಅಂದರು. ಏನೆಂದು ಗೊತ್ತಿದ್ದ ನಾನು ಒಂದು ತಿಂಗಳು ಏನೂ ಹೇಳಲಿಲ್ಲ. ಕೊನೆಗೆ ಗಾಯ ತೋರಿಸಲು ಹೋದಾಗ ಡಾಕ್ಟರಮ್ಮನೇ ಹೇಳಿದರು. ಅತ್ತಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ‘ಹಾಗಾದ್ರೆ ಇನ್ನು ನನಗೆ ಮುಟ್ಟೇ ಇಲ್ವಾ? ಮಗುವೂ ಇಲ್ವಾ?’ ಎಂದು ಕೇಳಿದರು. ಮಗಳ ನಂತರ ಒಂದು ಗಂಡಾಗಲಿ ಎಂದು ಅವರು ಹದಿನಾಲ್ಕು ವರ್ಷದಿಂದ ಕಾಯುತ್ತಿದ್ದರು. ‘ನನಗೆ ಯಾರೂ ಹೇಳಲೇ ಇಲ್ಲ’ ಎಂದರು. ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಅದೇ ಬೆಂಚಿನಲ್ಲಿ ಕೂತಿದ್ದ ಇನ್ನೊಬ್ಬ ಹೆಂಗಸು, ಮಿಲಿಟರಿ ಗುಮಾಸ್ತನ ಹೆಂಡತಿ, ಅತ್ತಿಗೆಗೆ ಆಸೆ ಹುಟ್ಟಿಸಿದವಳು. ಅವಳಿಗೆ ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದಿದ್ದರು. ‘ನನಗೂ ಹಿಂಗೇ ಆಯ್ತಿತ್ತು ಕಣಮ್ಮಾ. ಬಿಳಿಯರ ಸೀಮೆಯಿಂದ ಒಂದು ಮಾತ್ರೆ ಬಂದದೆ. ಅದು ತಗೊಂಡ ಮೇಲೆ ಬಿಸೀನೂ ಇಲ್ಲ, ಬೆವರೂ ಇಲ್ಲ, ಚೆನ್ನಾಗಿ ನಿದ್ದೆ’ ಅಂದಳು.

ಅತ್ತಿಗೆ ಎದ್ದು ನೇರ ಕೋಣೆಗೆ ಹೋಗಿ ಆ ಮಾತ್ರೆ ಕೊಡಿ ಎಂದು ಕೇಳಿದರು.

‘ಅದು ನಿಮಗಲ್ಲಮ್ಮ’ ಅಂದರು ಡಾಕ್ಟರಮ್ಮ. ‘ಅವಳಿಗೆ ಕ್ಯಾನ್ಸರ್ ಇರಲಿಲ್ಲ. ನಾವು ಏನು ತೆಗೆದು ಹಾಕಿದ್ವೋ ಅದನ್ನೇ ಆ ಮಾತ್ರೆ ವಾಪಸು ತಂದುಕೊಡ್ತದೆ. ರೋಗಕ್ಕೆ ಮತ್ತೆ ಊಟ ಹಾಕಿದ ಹಾಗೆ.’

‘ಮತ್ತೆ ಏನು ಮಾಡ್ಲಿ?’

‘ತಡ್ಕೋಬೇಕು. ಕಾಫಿ, ಖಾರ ಬಿಡಿ. ತೆಳು ಬಟ್ಟೆ ಹಾಕಿ. ತಣ್ಣೀರಲ್ಲಿ ಮೈ ಒರೆಸಿಕೊಳ್ಳಿ. ಬೆಳಿಗ್ಗೆ ಎದ್ದು ನಡೀರಿ. ಎರಡು ವರ್ಷ, ಮೂರು ವರ್ಷ, ಆಮೇಲೆ ತಾನೇ ಕಡಿಮೆ ಆಗ್ತದೆ.’

ಮೂರು ವರ್ಷ ಎಂಬ ಮಾತು ಕೇಳಿ ಅತ್ತಿಗೆಯ ಮುಖದಲ್ಲಿ ಮತ್ತೆ ಕೆಂಪು ಏರಿತು.

ಅದಾದ ಮೂರನೇ ದಿನ ಕೆಲಸ ಮುಗಿಸಿ ಬಂದಾಗ ಜಗಲಿಯ ಮೇಲೆ ನನ್ನ ತಟ್ಟೆ ಇರಲಿಲ್ಲ. ಅಡಿಗೆಮನೆಯಲ್ಲಿ ಮಣೆ ಹಾಕಿ, ಎಲೆ ಹಾಸಿ, ‘ಬಾ, ಕೂತ್ಕೋ’ ಎಂದು ಅತ್ತಿಗೆ ಕರೆದರು. ಎಂಟು ವರ್ಷದಲ್ಲಿ ಆ ಹೊಸಿಲು ದಾಟಿದ್ದು ಅದೇ ಮೊದಲು. ಬಿಸಿ ಮುದ್ದೆ, ಸೊಪ್ಪಿನ ಸಾರು, ಮೇಲೆ ತುಪ್ಪ. ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಬಡಿಸಿದರು. ಅರ್ಧ ಊಟ ಆಗುವವರೆಗೆ ಕಾದು ಅಂದರು:

‘ಆ ಮಾತ್ರೆ ನೀನು ನೋಡ್ಕೊಳ್ಳೋ ಬೀರುವಲ್ಲೇ ಇರುತ್ತಲ್ಲ. ನಾಲ್ಕು ತಂದ್ಕೊಡು.’

‘ಡಾಕ್ಟ್ರಮ್ಮ ಬೇಡ ಅಂದ್ರಲ್ಲ ಅತ್ಗೆ.’

‘ಅವರಿಗೇನು ಗೊತ್ತು, ಮದ್ವೆ ಮಕ್ಕಳು ಕಂಡೋರಲ್ಲ. ಬದುಕಿದ್ದೂ ಹೀಗೆ ಬೇಯೋದಕ್ಕಿಂತ ಸತ್ರೂ ಪರವಾಗಿಲ್ಲ. ತಂದ್ಕೊಡೇ, ನಿನ್ನ ಕಾಲು ಹಿಡ್ಕೋತೀನಿ.’

‘ತಪ್ಪಾಗುತ್ತೆ ಅತ್ಗೆ’ ಎಂದು ಇನ್ನೊಂದು ತುತ್ತು ಬಾಯಿಗಿಟ್ಟೆ. ನಾನು ಹೇಳಿದ್ದು ಸರಿಯಾದ ಮಾತೇ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಆ ಮಾತು ಹೇಳುವಾಗ ನನ್ನ ಬಾಯಲ್ಲಿದ್ದ ತುಪ್ಪದ ರುಚಿ ಎರಡು ಪಟ್ಟಾಗಿತ್ತು.

ಎರಡು ತಿಂಗಳು ಅವರು ಬೇಡಿದರು, ನಾನು ಇಲ್ಲವೆಂದೆ, ದಿನಾ ಒಳಗೆ ಕೂತು ಉಂಡೆ. ಈ ನಡುವೆ ಡಾಕ್ಟರಮ್ಮ ಹೇಳಿದ್ದನ್ನು ಅತ್ತಿಗೆ ಅರೆಮನಸ್ಸಿನಿಂದ ಮಾಡಿ ನೋಡುತ್ತಿದ್ದರು. ಕುತ್ತಿಗೆಗೆ ಒದ್ದೆ ಪಂಚೆ ಸುತ್ತಿಕೊಳ್ಳುವುದು, ಮಧ್ಯಾಹ್ನ ಒಗೆಯುವ ಕಲ್ಲಿಗೆ ನೀರು ಸುರಿದು ಅದರ ಮೇಲೆ ಬೆನ್ನು ಕೊಟ್ಟು ಮಲಗುವುದು, ಮಜ್ಜಿಗೆ, ಸೌತೆಕಾಯಿ. ಕಾಫಿ ಮಾತ್ರ ಬಿಡಲಿಲ್ಲ. ಹೊರಗೆ ಹೋಗುವಾಗ ಎಡಗಡೆ ಚಪ್ಪಟೆ ಕಾಣಬಾರದೆಂದು ನಾನೇ ಮಲ್ಲಿನ ಬಟ್ಟೆಯಲ್ಲಿ ಬೂರುಗದ ಹತ್ತಿ ತುಂಬಿ ಒಂದು ಗುಂಡನೆಯ ದಿಂಬು ಹೊಲಿದುಕೊಟ್ಟಿದ್ದೆ. ಅದನ್ನು ರವಿಕೆಯೊಳಗೆ ಇಟ್ಟುಕೊಂಡರೆ ಕಾವು ಇನ್ನೂ ಹೆಚ್ಚು. ಬಂದ ಕೂಡಲೇ ತೆಗೆದು ಮೂಲೆಗೆ ಬಿಸಾಡುತ್ತಿದ್ದರು.

ಒಂದು ದಿನ ಅಂದರು, ‘ನೀನು ತರದಿದ್ರೆ ಬಿಡು. ಬ್ಲ್ಯಾಕ್‌ಪಲ್ಲಿ ಮಾರ್ಕೆಟ್ ಹಿಂದೆ ಒಬ್ಬ ಕಾಂಪೌಂಡರ್ ಇದಾನಂತೆ. ಮಿಲಿಟರಿ ಔಷಧಿ ಏನು ಬೇಕಾದ್ರೂ ಸಿಗುತ್ತಂತೆ. ನಾಳೆ ಜಟಕಾ ಮಾಡ್ಕೊಂಡು ಹೋಗ್ತೀನಿ.’ ಈಗ ಶಿವಾಜಿನಗರ ಅನ್ನುವ ಜಾಗಕ್ಕೆ ಆಗ ಎಲ್ಲರೂ ಬ್ಲ್ಯಾಕ್‌ಪಲ್ಲಿ ಅನ್ನುತ್ತಿದ್ದರು. ಅತ್ತಿಗೆ ಹೇಳಿದರೆ ಮಾಡುವವರೇ.

ಆಗ ನನಗೆ ಉಪಾಯ ಹೊಳೆಯಿತು. ವಾರ್ಡಿನಲ್ಲಿ ಬಸುರಿಯರಿಗೆ ಕೊಡುವ ಕ್ಯಾಲ್ಸಿಯಂ ಮಾತ್ರೆ ಡಬ್ಬಿಗಟ್ಟಲೆ ಇತ್ತು. ಬಿಳಿ, ಗುಂಡಗೆ, ರುಚಿಯೇ ಇಲ್ಲ, ತಿಂದರೆ ಹಾನಿಯೂ ಇಲ್ಲ. ಒಂದು ಕಂದು ಶೀಶೆಗೆ ತುಂಬಿ ತಂದೆ.

‘ಯಾರಿಗೂ ಹೇಳಬೇಡಿ, ನನ್ನ ಕೆಲಸ ಹೋಗುತ್ತೆ’ ಎಂದು ಪಿಸುಗುಟ್ಟಿ ಕೊಟ್ಟೆ. ಅತ್ತಿಗೆ ಶೀಶೆಯನ್ನು ಕಣ್ಣಿಗೊತ್ತಿಕೊಂಡರು. ಅದನ್ನು ನೋಡಿ ನನಗೆ ಇನ್ನಷ್ಟು ಆಟ ಆಡಬೇಕೆನಿಸಿತು. ‘ಬೆಳಿಗ್ಗೆ ಒಂದು, ಸಂಜೆ ಒಂದು. ಇದು ತಗೊಳ್ಳೋವಾಗ ಕಾಫಿ ಮುಟ್ಟೋ ಹಾಗಿಲ್ಲ. ಕೆರೆ ಸುತ್ತ ಬೆಳಿಗ್ಗೆ ಒಂದು ಸುತ್ತು ನಡೀಬೇಕು. ಯಾರ ಮೇಲೂ ಕೂಗಾಡಬಾರದು. ಕೂಗಾಡಿದ್ರೆ ಮಾತ್ರೆ ಕೆಲಸ ಮಾಡಲ್ಲ.’

‘ಕೂಗಾಡಿದ್ರೂನಾ?’

‘ಹೂಂ. ರಕ್ತ ಬಿಸಿಯಾಗುತ್ತಲ್ಲ.’

ಅತ್ತಿಗೆ ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಕಾಫಿಪುಡಿಯ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟರು. ಮಗಳು ಹಾಲು ಉಕ್ಕಿಸಿದಾಗ ತುಟಿ ಕಚ್ಚಿಕೊಂಡು ನಿಂತರು. ನಾನು ಮೆಲ್ಲಗೆ ನಗುತ್ತಿದ್ದೆ.

ಎರಡು ವಾರ ಕಳೆಯುವಷ್ಟರಲ್ಲಿ ನಗು ನಿಂತಿತು. ಅತ್ತಿಗೆಗೆ ವಾಸಿಯಾಗುತ್ತಿತ್ತು. ಹನ್ನೆರಡು ಸಲ ಬರುತ್ತಿದ್ದ ಬಿಸಿ ನಾಲ್ಕು ಸಲಕ್ಕೆ ಇಳಿಯಿತು. ಬಂದರೂ ಹಿಂದಿನಷ್ಟು ಜೋರಿಲ್ಲ. ನಿದ್ದೆ ಬರತೊಡಗಿತು. ಕೆನ್ನೆ ತುಂಬಿಕೊಂಡವು. ಮಗಳ ತಲೆ ಬಾಚಿ ಹೂವು ಮುಡಿಸುತ್ತಾ ಹಾಡು ಗುನುಗುತ್ತಿದ್ದರು. ಅಣ್ಣ ಪಡಸಾಲೆಯಿಂದ ಹಾಸಿಗೆ ಸುತ್ತಿಕೊಂಡು ಒಳಗೆ ಹೋದ. ಕಾಫಿ ಬಿಟ್ಟಿದ್ದು, ನಡೆದದ್ದು ಒಂದಿಷ್ಟು ಕೆಲಸ ಮಾಡಿರಬೇಕು. ಉಳಿದದ್ದು ಬರೀ ನಂಬಿಕೆ. ಡಾಕ್ಟರಮ್ಮ ಬೆನ್ನು ತಟ್ಟಿ, ‘ನೋಡಿದ್ರಾ, ಮಾತ್ರೆ ಇಲ್ಲದೇನೇ ಗೆದ್ರಿ’ ಅಂದಾಗ ಅತ್ತಿಗೆ ನನ್ನ ಕಡೆ ಕಣ್ಣು ಮಿಟುಕಿಸಿದರು.

ಆ ಮಾತ್ರೆಯಲ್ಲಿ ಏನೂ ಇಲ್ಲವೆಂದು ಗೊತ್ತಿದ್ದವಳು ನಾನೊಬ್ಬಳು. ಯಾರನ್ನು ಮೂರ್ಖಳನ್ನಾಗಿ ಮಾಡಿದೆನೋ ಅವಳು ನನ್ನೆದುರೇ ಸುಖವಾಗಿ ಓಡಾಡುವುದನ್ನು ನೋಡಲಾರದೆ ನಾನು ಎದ್ದು ಹಿತ್ತಿಲಿಗೆ ಹೋಗುತ್ತಿದ್ದೆ.

ಆರು ತಿಂಗಳು ಹೀಗೆ ನಡೆಯಿತು. ಮಗಳಿಗೆ ಹದಿನೈದು ತುಂಬಿ, ಕೆ.ಆರ್. ಪುರದ ಕಡೆಯಿಂದ ಒಂದು ಸಂಬಂಧ ಬಂತು. ಹೊಲ, ತೋಟ ಇದ್ದ ಮನೆ, ಹುಡುಗ ಹೈಸ್ಕೂಲು ಓದಿದವನು. ಹೆಣ್ಣಿನ ತಾಯಿಯ ರೋಗದ ವಿಷಯ ಅವರಿಗೆ ಹೇಳಿರಲಿಲ್ಲ. ಗಂಡಿನವರು ಬಂದು ಹೋಗಲು ಶುರು ಮಾಡಿದ ಮೇಲೆ ನನ್ನ ತಟ್ಟೆ ಮತ್ತೆ ಜಗಲಿಗೆ ಬಂತು.

‘ಬೇಜಾರು ಮಾಡ್ಕೋಬೇಡ’ ಎಂದರು ಅತ್ತಿಗೆ, ಕೂಗಾಡದೆ, ಮೃದುವಾಗಿ. ‘ಅವರು ಮಡಿ ಜಾಸ್ತಿ ನೋಡ್ತಾರೆ. ಆಸ್ಪತ್ರೇಲಿ ಕೆಲಸ ಮಾಡೋ ವಿಧವೆ ಅಡಿಗೆಮನೇಲಿ ಕೂತಿದ್ರೆ ಏನಂದ್ಕೋತಾರೆ?’

ನಾನು ತಟ್ಟೆ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತೆ. ಮಾತ್ರೆಯನ್ನು ಮಾತ್ರ ತಂದು ಕೊಡುತ್ತಲೇ ಇದ್ದೆ.

ನಿಶ್ಚಿತಾರ್ಥದ ದಿನ ‘ನೀನು ಆಸ್ಪತ್ರೇಲೇ ಇದ್ಬಿಡು, ದೀಪ ಹಚ್ಚೋ ಹೊತ್ತಿಗೆ ಬಾ’ ಎಂದು ಹಿಂದಿನ ದಿನವೇ ಹೇಳಿದ್ದರು. ನಾನು ಬೆಳಿಗ್ಗೆ ಹೋದೆ. ಆದರೆ ವಾರ್ಡಿನಲ್ಲಿ ಮನಸ್ಸು ನಿಲ್ಲಲಿಲ್ಲ. ಆ ಹುಡುಗಿ ಎರಡು ವರ್ಷದವಳಾಗಿದ್ದಾಗ ಟೈಫಾಯಿಡ್ ಬಂದು, ನಾನೇ ಇಪ್ಪತ್ತೊಂದು ದಿನ ಮಡಿಲಲ್ಲಿ ಇಟ್ಟುಕೊಂಡು ಉಳಿಸಿದ್ದೆ. ಅವಳಿಗೆ ಸೀರೆ ಉಡಿಸುವುದನ್ನು ದೂರದಿಂದ ನೋಡಿದರೆ ಏನಾಗುತ್ತೆ ಅಂದುಕೊಂಡು ಹನ್ನೊಂದು ಗಂಟೆಗೆ ರಜೆ ಕೇಳಿ ಹೊರಟೆ. ದಾರಿಯಲ್ಲಿ ಎರಡು ಮೊಳ ಕನಕಾಂಬರ ಕೊಂಡೆ. ಯೂನಿಫಾರ್ಮಿನಲ್ಲೇ ಹಿತ್ತಿಲ ಬಾಗಿಲಿಂದ ಬಂದೆ.

ಪಡಸಾಲೆಯಲ್ಲಿ ಗಂಡಿನ ಕಡೆಯವರು ಬಂದು ಕೂತಿದ್ದರು. ಅತ್ತಿಗೆ ಒಬ್ಬರೇ ಅಡಿಗೆಮನೆಯಲ್ಲಿ ತಟ್ಟೆಗೆ ಎಲೆಅಡಿಕೆ, ಹಣ್ಣು ಜೋಡಿಸುತ್ತಿದ್ದರು. ನೇರಳೆ ಬಣ್ಣದ ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ. ರವಿಕೆಯೊಳಗೆ ನಾನು ಹೊಲಿದ ದಿಂಬು ಸರಿಯಾಗಿ ಕೂತಿತ್ತು. ನನ್ನನ್ನು ನೋಡಿ ಬಾಗಿಲಿಗೆ ಅಡ್ಡ ಬಂದರು.

‘ಬರಬೇಡ ಅಂದಿರ್ಲಿಲ್ವಾ?’

‘ಹೂವು ಕೊಟ್ಟು ಹೋಗ್ತೀನಿ ಅತ್ಗೆ. ಅವಳನ್ನ ಒಂದು ಸಲ ನೋಡಿ…’

‘ಥೂ, ಮುಂಡೆ ತಂದ ಹೂವ ನನ್ನ ಮಗಳ ತಲೆಗಾ?’ ನನ್ನ ಕೈಯಲ್ಲಿದ್ದ ಮಾಲೆಯನ್ನು ಕಿತ್ತು ಹಿತ್ತಿಲಿಗೆ ಎಸೆದರು. ‘ನಿನ್ನ ಹಾಗೇ ಆಗ್ಲಿ ಅಂತಾನಾ?’

ನನಗೆ ಸಿಟ್ಟು ಬರಲಿಲ್ಲ. ಮೈಯೆಲ್ಲ ತಣ್ಣಗಾಯಿತು. ಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿದ್ದ ಕಂದು ಶೀಶೆಯನ್ನು ತೆಗೆದೆ. ಒಂದು ಮಾತ್ರೆಯನ್ನು ಅಂಗೈಗೆ ಸುರುವಿಕೊಂಡು ಅವರ ಮುಖದ ಮುಂದೆ ಹಿಡಿದೆ.

‘ಅತ್ಗೆ, ಇದು ಆ ಮಾತ್ರೆ ಅಲ್ಲ.’

‘ಏನು?’

‘ಇದು ಸುಣ್ಣ. ಬಸುರಿಯರಿಗೆ ಕೊಡೋ ಸುಣ್ಣದ ಮಾತ್ರೆ. ಆರು ತಿಂಗಳಿಂದ ನೀವು ತಿಂದಿದ್ದು ಸುಣ್ಣ. ಕಾಫಿ, ಕೂಗಾಟ ಅದೆಲ್ಲ ನಾನು ಸುಮ್ನೆ ಹೇಳಿದ್ದು, ನಿಮ್ಮನ್ನ ಕುಣಿಸೋಕೆ.’

‘ಸುಳ್ಳು.’

‘ಕಚ್ಚಿ ನೋಡಿ. ಇಲ್ಲಾಂದ್ರೆ ಆ ತಟ್ಟೇಲಿ ಎಲೆಅಡಿಕೆ ಇದೆಯಲ್ಲ, ಪುಡಿ ಮಾಡಿ ಎಲೆಗೆ ಹಚ್ಚಿ ಬೀಗರಿಗೆ ಕೊಡಿ. ಅವರಿಗೂ ಗೊತ್ತಾಗಲ್ಲ.’

ಅತ್ತಿಗೆ ನನ್ನ ಮುಖವನ್ನೇ ನೋಡುತ್ತಾ ನಿಂತರು. ಬೈಯಲಿಲ್ಲ. ಬೈಯಲಿ ಎಂದು ನಾನು ಕಾದಿದ್ದೆ. ‘ನನಗೆ ವಾಸಿಯಾಗಿತ್ತಲ್ಲೇ’ ಎಂದರು ಅಷ್ಟೆ, ಮಗು ಹೇಳಿದ ಹಾಗೆ. ಅಷ್ಟರಲ್ಲಿ ಪಡಸಾಲೆಯಿಂದ ಅಣ್ಣ ‘ತಟ್ಟೆ ತಗೊಂಡ್ಬಾ’ ಎಂದು ಕರೆದ. ಅತ್ತಿಗೆ ತಟ್ಟೆ ಎತ್ತಿಕೊಂಡು ಹೋದರು.

ನಾನು ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಗಂಡಿನ ತಾಯಿಯ ಎದುರು ಚಾಪೆಯ ಮೇಲೆ ಅತ್ತಿಗೆ ಕೂತರು. ಕುಂಕುಮ ಕೊಡಲು ಕೈ ಎತ್ತಿದರು. ಕುತ್ತಿಗೆಯಿಂದ ಕೆಂಪು ಏರತೊಡಗಿದ್ದು ನನಗೆ ಅಲ್ಲಿಂದಲೇ ಕಂಡಿತು. ಅಂಥ ಬಿಸಿಯನ್ನು ನಾನು ಮೊದಲ ತಿಂಗಳಿನಲ್ಲೂ ನೋಡಿರಲಿಲ್ಲ. ಹಣೆಯಿಂದ ಬೆವರು ಇಳಿದು ಕುಂಕುಮದ ಬಟ್ಟಲಿಗೆ ತೊಟ್ಟಿಕ್ಕಿತು. ತಡೆದುಕೊಳ್ಳಲು ಪ್ರಯತ್ನಪಟ್ಟರು. ಒಂದು ಕೈಯಲ್ಲಿ ಸೆರಗು ಎಳೆದು ಗಾಳಿ ಹಾಕಿಕೊಂಡರು. ಇನ್ನೊಂದು ಕೈ ರವಿಕೆಯ ಗಂಟಿಗೆ ಹೋಯಿತು. ‘ಅಯ್ಯೋ, ಉರಿ, ಉರಿ’ ಎಂದು ಗಂಟು ಸಡಿಲಿಸಿದರು. ಬೆವರಿನಿಂದ ತೊಯ್ದ ಹತ್ತಿಯ ದಿಂಬು ಜಾರಿ ಎಲೆಅಡಿಕೆಯ ತಟ್ಟೆಯ ಪಕ್ಕದಲ್ಲಿ ಬಿತ್ತು.

ಗಂಡಿನ ತಾಯಿ ಆ ದಿಂಬನ್ನು ನೋಡಿದಳು, ಅತ್ತಿಗೆಯ ಚಪ್ಪಟೆ ಎದೆಯನ್ನು ನೋಡಿದಳು. ಮೂಲೆಯಲ್ಲಿ ತಲೆ ಬಗ್ಗಿಸಿ ಕೂತಿದ್ದ ಹುಡುಗಿಯ ಎದೆಯ ಕಡೆಗೂ ಒಂದು ಸಲ ಕಣ್ಣು ಹಾಯಿಸಿದಳು.

‘ಏನು ಕಾಯಿಲೆಯಮ್ಮ ಇದು?’

ಅತ್ತಿಗೆ ಸೆರಗು ಎಳೆದು ಎದೆ ಮುಚ್ಚಿಕೊಂಡರು. ಅಣ್ಣ ಏನೋ ಹೇಳಲು ಹೋಗಿ ತೊದಲಿದ. ಅವರು ಊಟಕ್ಕೆ ನಿಲ್ಲಲಿಲ್ಲ. ‘ಹೇಳಿ ಕಳಿಸ್ತೀವಿ’ ಎಂದು ಹೊರಟರು. ಹೇಳಿ ಕಳಿಸಲೇ ಇಲ್ಲ.

ನನಗೆ ಸಂತೋಷವಾಯಿತು. ಗಾಡಿ ಬೀದಿ ದಾಟುವವರೆಗೆ ಆ ಸಂತೋಷ ಇತ್ತು. ಆಮೇಲೆ ಹುಡುಗಿ ಹೊಸ ಸೀರೆಯಲ್ಲೇ ಹಿತ್ತಿಲಿಗೆ ಬಂದು, ನೆಲದ ಮೇಲೆ ಬಿದ್ದಿದ್ದ ಕನಕಾಂಬರವನ್ನು ನೋಡಿ, ‘ಅತ್ತೆ, ಇದು ನನಗೆ ತಂದಿದ್ದಾ?’ ಎಂದು ಎತ್ತಿಕೊಂಡಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಸಂಜೆ ಅಣ್ಣ ಕೇಳಿದ. ‘ಆರು ತಿಂಗಳಿಂದ ಚೆನ್ನಾಗೇ ಇದ್ಲು. ಈವತ್ತೇ ಯಾಕೆ ಹಿಂಗಾಯ್ತು? ಅಡಿಗೆಮನೇಲಿ ನೀನೇನಾದ್ರೂ ಅಂದ್ಯಾ?’

‘ಇಲ್ಲ’ ಅಂದೆ.

ಅತ್ತಿಗೆ ಅಲ್ಲೇ ಇದ್ದರು. ನನ್ನನ್ನು ನೋಡಿದರು, ಬಾಯಿ ಬಿಡಲಿಲ್ಲ. ಸುಣ್ಣ ತಿಂದು ಮೋಸಹೋದೆ ಎಂದು ಹೇಳಿಕೊಳ್ಳುವುದು ಅವರಿಗೆ ಉಳಿದ ಎಲ್ಲಕ್ಕಿಂತ ದೊಡ್ಡ ಅವಮಾನವಾಗಿತ್ತೇನೋ.

ತಿಂಗಳು ಕಳೆಯುವುದರೊಳಗೆ ನಾನು ಆಸ್ಪತ್ರೆಯ ಹಿಂದಿನ ನರ್ಸುಗಳ ಕ್ವಾರ್ಟರ್ಸಿಗೆ ಹೋದೆ. ಅತ್ತಿಗೆಯ ಬಿಸಿ ಮೊದಲಿಗಿಂತ ಹೆಚ್ಚಾಗಿ, ಹಲಸೂರಿನ ಬೀದಿಯಲ್ಲಿ ಮುಖ ತೋರಿಸಲಾರದೆ, ಅವರು ಮಗಳನ್ನು ಕರೆದುಕೊಂಡು ಹೊರಮಾವಿಗೆ ಹೋಗಿ ನಿಂತರು. ಡಾಕ್ಟರಮ್ಮನ ಹತ್ತಿರ ಮತ್ತೆ ಬರಲಿಲ್ಲ. ನನ್ನ ಹತ್ತಿರ ಏನನ್ನೂ ಕೇಳಲಿಲ್ಲ.

ಯುದ್ಧ ಮುಗಿದು ಒಂದು ವರ್ಷವಾದ ಮೇಲೆ ಒಂದು ಭಾನುವಾರ ಅಣ್ಣನ ಗಾಡಿಯಲ್ಲಿ ಊರಿಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ, ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ಅತ್ತಿಗೆ ಕೋಸಿನ ಪಾತಿಗೆ ನೀರು ಕಟ್ಟುತ್ತಿದ್ದರು. ಗುರುತು ಸಿಗದಷ್ಟು ಕಪ್ಪಾಗಿದ್ದರು. ರವಿಕೆ ಇಲ್ಲ, ದಿಂಬಿಲ್ಲ. ತೆಳು ಹತ್ತಿ ಸೀರೆಯನ್ನು ಹಳೇ ಮುದುಕಿಯರ ಹಾಗೆ ಎದೆಗೆ ಸುತ್ತಿ ಬಿಗಿದಿದ್ದರು. ಚಪ್ಪಟೆ ಎದೆ ಯಾರಿಗೆ ಬೇಕಾದರೂ ಕಾಣುವಂತಿತ್ತು. ನಾನು ನೋಡುತ್ತಿದ್ದಂತೆಯೇ ಕುತ್ತಿಗೆಗೆ ಕೆಂಪು ಏರಿತು. ಗುದ್ದಲಿ ಬಿಟ್ಟು, ಕಾಲುವೆಯ ನೀರಿನಲ್ಲಿ ಸೀರೆ ಸಮೇತ ಕೂತರು. ಬೊಗಸೆ ನೀರು ನೆತ್ತಿಗೆ ಹಾಕಿಕೊಂಡರು, ಕಣ್ಣು ಮುಚ್ಚಿ ಉಸಿರು ಎಳೆದು ಬಿಟ್ಟರು. ಬಿಸಿ ಇಳಿದ ಮೇಲೆ ಎದ್ದು ಗುದ್ದಲಿ ಹಿಡಿದರು. ಪ್ರತಿ ಸಲವೂ ಹಾಗೇ ಮಾಡುತ್ತಾರೆಂದು ಹುಡುಗಿ ಹೇಳಿದಳು. ಕಾಫಿ ಇಲ್ಲ, ಖಾರ ಇಲ್ಲ, ಬೆಳಗಿನ ಜಾವಕ್ಕೇ ತೋಟ. ಈಗ ದಿನಕ್ಕೆ ಮೂರು ಸಲವೋ ನಾಲ್ಕು ಸಲವೋ ಅಷ್ಟೆ.

ನಾನು ಬದುವಿನ ಮೇಲೆ ನಿಂತೆ. ಅವರೇ ಮೊದಲು ಮಾತಾಡಿದರು.

‘ಒಂದು ಕೇಳ್ತೀನಿ. ಆ ಸುಣ್ಣಾನೇ ಇನ್ನೊಂದು ವರ್ಷ ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?’

‘ನೀವು ಹೂವು ಎಸೆದ್ರಿ’ ಅಂದೆ. ಹೇಳಿದ ಮೇಲೆ ನನಗೇ ಅದು ಎಷ್ಟು ಸಣ್ಣದಾಗಿ ಕೇಳಿಸಿತು.

‘ಹೌದು, ಎಸೆದೆ’ ಎಂದರು ಅತ್ತಿಗೆ. ‘ಈಗ ಬಂದಿದ್ರೂ ಎಸೀತಿದ್ದೆ.’ ಪಾತಿಯ ಮಣ್ಣು ಎಳೆದು ನೀರನ್ನು ಇನ್ನೊಂದು ಸಾಲಿಗೆ ತಿರುಗಿಸಿದರು. ಊಟಕ್ಕೆ ಕರೆಯಲಿಲ್ಲ. ನಾನು ಗಾಡಿಯ ಹತ್ತಿರ ಹೋಗಿ ಸಂಜೆಯವರೆಗೆ ಕೂತಿದ್ದೆ.

ಗಡ್ಡೆ ವಾಪಸು ಬರಲಿಲ್ಲ. ಡಾಕ್ಟರಮ್ಮ ಹೇಳಿದಂತೆ ಮೂರು ವರ್ಷಕ್ಕೆ ಬಿಸಿ ಪೂರ್ತಿ ಇಳಿಯಿತಂತೆ. ಅತ್ತಿಗೆ ಇನ್ನೂ ಹದಿನೆಂಟು ವರ್ಷ ಬದುಕಿ, ಬೇರೆ ಏನೋ ಜ್ವರ ಬಂದು ಹೋದರು. ಅಷ್ಟು ವರ್ಷದಲ್ಲಿ ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ನನಗೆ ಮುಟ್ಟು ನಿಂತಾಗ ಏನೂ ಆಗಲಿಲ್ಲ. ನಾಲ್ಕು ತಿಂಗಳು ಒಂದಿಷ್ಟು ಸೆಖೆ, ಅಷ್ಟೆ. ಒಂದು ದಿನವೂ ನಿದ್ದೆ ಕೆಡಲಿಲ್ಲ.

ಕೆ.ಆರ್. ಪುರದವರು ಬಿಟ್ಟ ಹುಡುಗಿಯನ್ನು ತಾಯಿಯ ಕಾಯಿಲೆಯ ಸುದ್ದಿ ಕೇಳಿ ಯಾರೂ ಕೇಳಲಿಲ್ಲ. ಕೊನೆಗೆ ದೊಡ್ಡನೆಕ್ಕುಂದಿಯ ಒಬ್ಬ ವಿಧುರನಿಗೆ ಕೊಟ್ಟರು. ಅವನಿಗೆ ಮೊದಲ ಹೆಂಡತಿಯ ಮೂರು ಮಕ್ಕಳು, ಕುಡಿತ, ಹೊಡೆಯಲು ಕೈ ಬೇರೆ ಮುಂದು. ಇಪ್ಪತ್ತು ವರ್ಷ ಅವಳು ಅದನ್ನು ಅನುಭವಿಸಿದಳು. ಈಗ ಅವಳಿಗೂ ವಯಸ್ಸಾಗಿದೆ. ಗೌರಿ ಹಬ್ಬಕ್ಕೆ ನನಗೊಂದು ಸೀರೆ ತಂದುಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ, ಊಟ ಮಾಡಿಕೊಂಡು ಹೋಗುತ್ತಾಳೆ. ಪ್ರತಿ ವರ್ಷ ಊಟದ ನಡುವೆ ಆ ಮಾತು ಬರುತ್ತದೆ.

‘ಅಮ್ಮ ಅವತ್ತು ಒಂದು ಗಳಿಗೆ ತಡ್ಕೊಂಡಿದ್ರೆ ನನ್ನ ಬಾಳು ಹಿಂಗಾಗ್ತಿರ್ಲಿಲ್ಲ ಅಲ್ವಾ ಅತ್ತೆ? ಅಷ್ಟು ಜನದ ಮುಂದೆ ರವಿಕೆ ಬಿಚ್ಚಿದ್ಲಲ್ಲ. ನಾನು ಅಮ್ಮನ್ನ ಇವತ್ತಿಗೂ ಕ್ಷಮಿಸಿಲ್ಲ.’

‘ಹೋಗ್ಲಿ ಬಿಡು’ ಎಂದು ಅವಳ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕುತ್ತೇನೆ.